ಸೀಮೆಸುಣ್ಣದ ಕಿಟಕಿ

"ಈ ಸಲವೂ ಕಿಟಕಿ ಇಲ್ಲ, ತಂಗಿ," ಎಂದರು ಗೋಡೆ ತಪಾಸಣೆಯ ಹಮ್ಮಣ್ಣ ನಾಯಕರು, ಸುಗಂಧಿಗೆ. ಕಡಲಡಿಯ ಊರಿನ ಗೋಡೆ ಅದು, ಲೋಹದ ಹಾಳೆಯ ಮೇಲೆ ಹಾಳೆ ಅಂಟಿಸಿ ಮಾಡಿದ್ದು. "ಇನ್ನೊಂದು ತೂತು ಕೊರೆದರೆ ನೀರಿನ ಭಾರಕ್ಕೆ ಬಾಗಿಬಿಡ್ತದೆ."

ಸುಗಂಧಿಯ ಗಂಡ ಗಣಪು ಹೊರಗೆ ನೀರಿನಲ್ಲಿದ್ದು ಗೋಡೆಗೆ ತೇಪೆ ಹಾಕುತ್ತಾನೆ. ಆ ಒತ್ತಡಕ್ಕೆ ಮೈ ಒಗ್ಗಿಸಿಕೊಂಡವರು ಮೂರು ವರ್ಷ ಒಳಗೆ ಬರುವಂತಿಲ್ಲ. ದಿನಾ ಬೆಳಿಗ್ಗೆ ಅವನು ಬಂದು ಗೋಡೆ ಬಡಿಯುತ್ತಾನೆ. ಸದ್ದು ಕೇಳಿದಲ್ಲಿ ಅವಳು ಸೀಮೆಸುಣ್ಣದಿಂದ ದುಂಡು ಕಿಟಕಿ ಬರೆದಿದ್ದಳು.

ನಾಯಕರು ಚೀಲ ಎತ್ತಿಕೊಂಡರು. "ತಪಾಸಣೆಯ ಕ್ಯಾಮೆರಾದಲ್ಲಿ ನೋಡಿದೆ, ನಿಮ್ಮನೆ ಗೋಡೆಯ ಹೊರಗೆಲ್ಲ ಚಿಪ್ಪು ಮುತ್ತಿದೆ ಮಾರಾಯ್ತಿ. ತಟ್ಟೆಯಗಲ ಜಾಗ ಮಾತ್ರ ಯಾರೋ ಕನ್ನಡಿ ಹಾಗೆ ಉಜ್ಜಿಟ್ಟಿದ್ದಾರೆ."

"ಇಲ್ಲೇನಾ?" ಕಿಟಕಿ ಮುಟ್ಟಿ ಕೇಳಿದಳು.

"ಅಲ್ಲ, ಒಂದು ಗೇಣು ಕೆಳಗೆ."

ಅವರು ಹೋದಮೇಲೆ ಸುಗಂಧಿ ಸೆರಗಿನಿಂದ ಕಿಟಕಿಯನ್ನು ಒರೆಸಿದಳು. ಒಂದು ಗೇಣು ಕೆಳಗೆ ಹೊಸದು ಬರೆದು, ಅದಕ್ಕೆ ಕೆನ್ನೆ ಆನಿಸಿದಳು.