ಕೂತ ಅಳತೆ

"ಎಲ್ಲಿ, ನಿಲ್ಲಿಸಿ ಹಿಡ್ಕೋಮ್ಮ," ಎಂದು ಅಜ್ಜಿ ಮಂಚದ ಮೇಲೆ ಕೂತು ಅಳತೆ ಟೇಪಿನ ಸುರುಳಿ ಬಿಚ್ಚುತ್ತ ಸೊಸೆಗೆ ಹೇಳಿದಳು. ಸೊಸೆ ಎಂದಿನಂತೆ ಮಗಳ ಕಂಕುಳಿಗೆ ಕೈಹಾಕಿ ಗಾಲಿಕುರ್ಚಿಯಿಂದ ಮೇಲೆತ್ತಲು ಬಗ್ಗಿದಳು. ಆದರೆ ಮಗಳು ಎರಡೂ ತೋಳುಗಳನ್ನು ಪಕ್ಕೆಗೆ ಒತ್ತಿಕೊಂಡು ಬಿಗಿಯಾಗಿ ಕೂತುಬಿಟ್ಟಿದ್ದಳು. ಎಷ್ಟು ಪುಸಲಾಯಿಸಿದರೂ ಕಂಕುಳು ಸಿಗಲಿಲ್ಲ.

ಒಂಬತ್ತು ವರ್ಷದ ಈ ಹುಡುಗಿಯನ್ನು ಮನೆಯವರೆಲ್ಲ ಕರೆಯುವುದೇ ಮೆಣಸು ಎಂದು. ಹುಟ್ಟಿದಾಗಿನಿಂದ ಕಾಲುಗಳಲ್ಲಿ ಬಲವಿಲ್ಲ. ಆ ಬಲವೆಲ್ಲ ನಾಲಿಗೆಗೆ ಇಳಿದಿದೆ ಎನ್ನುವುದು ಅಜ್ಜಿಯ ವಾದ. ಅಜ್ಜಿಯೇನೂ ಕಡಿಮೆಯವಳಲ್ಲ. ಮೊಮ್ಮಕ್ಕಳಿಗೆ ಅಂಗಡಿಯ ಬಟ್ಟೆ ತೊಡಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಚಿಕ್ಕ ಮಗನ ಮದುವೆಗೆಂದು ಒಂದೇ ಥಾನಿನ ಹಳದಿ ಬಟ್ಟೆ ತಂದು, ಉಳಿದ ಮೊಮ್ಮಕ್ಕಳ ಅಂಗಿ, ಫ್ರಾಕುಗಳನ್ನು ಆಗಲೇ ಹೊಲಿದು ಮುಗಿಸಿದ್ದಳು. ಕೊರಳಿನ ಸುತ್ತ ಕಸೂತಿ ಹಾಕಲು ನಿಧಾನವಾಗಿ ಕೂರಬಹುದೆಂದು ಇವಳದೊಂದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಹಾಗೆ ಹೇಳಿದರೆ ಬೇರೆ ಮೊಮ್ಮಕ್ಕಳು ಜಗಳಕ್ಕೆ ಬರುತ್ತವೆಂದು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

"ನಂಗೆ ಫ್ರಾಕು ಬೇಡ ಅಜ್ಜಿ," ಎಂದಳು ಮೆಣಸು. "ಮದುವೆಗೆ ಹಳೇ ಟೀ ಶರ್ಟ್‌ನಲ್ಲೇ ಬರ್ತೀನಿ. ಇಲ್ಲಾಂದ್ರೆ ಬರೋದೇ ಇಲ್ಲ."

ಅಜ್ಜಿಯ ಮುಖ ಸಪ್ಪಗಾಯಿತು. ಸೊಸೆ ಮಗಳನ್ನು ಗದರಿಸಹೋದಾಗ ಅಜ್ಜಿಯೇ ತಡೆದು, ನನ್ನ ಹೊಲಿಗೆಯಲ್ಲಿ ಏನು ಕಮ್ಮಿಯಾಯಿತು ಹೇಳು ಎಂದು ಮೊಮ್ಮಗಳನ್ನು ಕೇಳಿದಳು. ಕೇಳಿದ್ದೇ ತಡ, ಹುಡುಗಿ ಒಂದೊಂದಾಗಿ ಶುರುಮಾಡಿದಳು. ಕೂತರೆ ಬಟ್ಟೆಯೆಲ್ಲ ಹೊಟ್ಟೆಯ ಮೇಲೆ ಗಂಟು ಕಟ್ಟಿದ ಹಾಗೆ ಉಬ್ಬುತ್ತದೆ. ಮುಂದೆ ಮಂಡಿ ಮುಚ್ಚುವುದಿಲ್ಲ, ಹಿಂದಿನ ನೆರಿಗೆಯೆಲ್ಲ ಮೈಯಡಿಗೆ ಸಿಕ್ಕಿ ಮುದ್ದೆಯಾಗುತ್ತದೆ. ಬೆನ್ನಿನ ಗುಂಡಿಗಳು ಕುರ್ಚಿಗೆ ಒತ್ತಿ ಚುಚ್ಚುತ್ತವೆ. ಗಾಲಿ ತಳ್ಳುವಾಗ ತೋಳಿನ ಝಾಲರು ಟೈರಿಗೆ ಸವರಿ ಕಪ್ಪಾಗುತ್ತದೆ. ಇಷ್ಟನ್ನೂ ಹೇಳಿ ಅವಳು ತಲೆ ತಗ್ಗಿಸಿದಳು.

"ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ನೀನು? ಬೇರೆ ಎಲ್ಲಾದಕ್ಕೂ ಬಿಡ್ತೀಯಲ್ಲ?"

"ಹೊಲಿಯೋವಾಗ ನೀನು ಅಷ್ಟು ಖುಷಿಯಾಗಿರ್ತೀಯ. ಅದಕ್ಕೆ."

ಕೂರಿಸಿಯೇ ಅಳತೆ ತೆಗೆದುಕೊಂಡರಾಯಿತಲ್ಲ ಅತ್ತೆ ಎಂದು ಸೊಸೆ ಮೆಲ್ಲಗೆ ಹೇಳಿದಳು. ಆಗುವುದಿಲ್ಲ ಎಂದು ಅಜ್ಜಿ ಟೇಪನ್ನು ಮತ್ತೆ ಸುತ್ತತೊಡಗಿದಳು. ಜೀವಮಾನವೆಲ್ಲ ಮಷಿನ್ ತುಳಿದವಳಿಗೆ ನಿಂತ ಮೈಗೂ ಕೂತ ಮೈಗೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲವೆಂದರೆ ಯಾರೂ ನಂಬುವುದಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಇವಳ ಮೊದಲ ಫ್ರಾಕಿನಿಂದ ಇಲ್ಲಿಯವರೆಗೆ ಪ್ರತಿ ಸಲವೂ ಸೊಸೆಯಿಂದ ಎತ್ತಿ ಹಿಡಿಸಿಯೇ ಅಳೆದಿದ್ದಳು.

"ಕೂರಿಸಿ ಅಳೆದ್ರೆ, ಇವಳು ಯಾವತ್ತೂ ಏಳಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ ಕಣೇ," ಎಂದಳು ಸೊಸೆಗೆ. "ಎದ್ದು ನಿಲ್ಲೋ ದಿನ ಬಂದ್ರೆ ಹಾಕ್ಕೊಳ್ಳೋಕೆ ಒಂದು ಫ್ರಾಕು ಬೇಡ್ವಾ ನನ್ನ ಮಗುಗೆ?"

ಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು. ಮೆಣಸು ಮಾತ್ರ ಗಾಲಿಯನ್ನು ಒಂದು ಸುತ್ತು ತಳ್ಳಿ ಅಜ್ಜಿಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದಳು.

"ಆ ದಿನ ಬಂದ್ರೆ ಆವತ್ತು ಇನ್ನೊಂದು ಹೊಲಿ ಅಜ್ಜಿ. ಈ ಮದುವೆಗೆ ಬರೋಳು ನಾನು."

ಅಜ್ಜಿ ಕೈಗೆ ಸಿಕ್ಕ ಹಳದಿ ತುಂಡಿನಿಂದ ಮೂಗೊರೆಸಿಕೊಂಡು, ಮಂಚದ ಕಾಲು ಹಿಡಿದು ನೆಲಕ್ಕೆ ಇಳಿದಳು. ಕೂತ ಮಗುವಿನ ಅಳತೆ ತೆಗೆಯುವುದು ಅವಳಿಗೂ ಹೊಸದು. ಕೊರಳಿನಿಂದ ಮಡಿಲಿಗೆ, ಮಡಿಲಿನಿಂದ ಮಂಡಿಗೆ, ಮಂಡಿಯ ತಿರುವು ದಾಟಿ ಕೆಳಕ್ಕೆ ಟೇಪು ಹಿಡಿದು, ಎಲ್ಲಿಯವರೆಗೆ ಬೇಕು ಎಂದು ಹುಡುಗಿಯನ್ನೇ ಕೇಳುತ್ತ ಹೋದಳು. ಇದೇ ಸರಿಯಾದ ಸಮಯವೆಂದು ಮೆಣಸು ಎರಡು ಜೇಬುಗಳನ್ನೂ ಗಿಟ್ಟಿಸಿಕೊಂಡಳು. ಗುಂಡಿಗಳು ಬೆನ್ನಿನಿಂದ ಹೆಗಲಿಗೆ ಬಂದವು, ಝಾಲರಿಗೆ ಕತ್ತರಿ ಬಿತ್ತು. ಹಳೆಯ ಕಾಗದದ ಪಡಿಯಚ್ಚುಗಳು ಒಂದೂ ಕೆಲಸಕ್ಕೆ ಬರಲಿಲ್ಲ. ಹೊಸದಾಗಿ ಕತ್ತರಿಸಿ, ಹೊಲಿದು, ಬಿಚ್ಚಿ, ಮತ್ತೆ ಹೊಲಿಯುವಷ್ಟರಲ್ಲಿ ಅಜ್ಜಿ ಕಲಿಯಲು ಬಂದ ಹುಡುಗಿಯ ಹಾಗೆ ಬೈಸಿಕೊಂಡೂ ಆಯಿತು, ಮೊಮ್ಮಗಳಿಂದಲೇ.

ಕೊನೆಗೆ ತೊಡಿಸಿ ನೋಡಿದರೆ ಹೊಟ್ಟೆಯ ಮೇಲೆ ಒಂದು ಸುಕ್ಕೂ ಇಲ್ಲ. ಮುಂದಿನ ನೆರಿಗೆ ಮಂಡಿಯ ಮೇಲಿಂದ ಚೆನ್ನಾಗಿ ಇಳಿದಿತ್ತು. ಮೆಣಸು ಕನ್ನಡಿಯ ಮುಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡಳು. ಒಂದು ತಪ್ಪು ಹುಡುಕಲೂ ಆಗದೆ ಸುಮ್ಮನಾದಳು. ಅಜ್ಜಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ಮರುದಿನ ಫ್ರಾಕನ್ನು ಬೀದಿಯ ಕೊನೆಯ ಇಸ್ತ್ರಿ ಅಂಗಡಿಗೆ ಅಜ್ಜಿಯೇ ಒಯ್ದಳು. ಇಸ್ತ್ರಿಯವನು ಅದನ್ನು ಹ್ಯಾಂಗರಿಗೆ ಸಿಕ್ಕಿಸಿ ಎತ್ತಿ ಹಿಡಿದು, ಕತ್ತು ವಾರೆ ಮಾಡಿ ನೋಡಿದ. ಇಷ್ಟು ವರ್ಷ ಅವಳ ಹೊಲಿಗೆಯಲ್ಲಿ ಒಂದು ಎಳೆ ಆಚೀಚೆಯಾದದ್ದನ್ನು ಅವನು ಕಂಡಿರಲಿಲ್ಲ. ಪಾಪ, ಹೇಳಲೋ ಬೇಡವೋ ಎಂದು ಸ್ವಲ್ಪ ಅನುಮಾನಿಸಿದ.

"ತಪ್ಪು ತಿಳ್ಕೋಬೇಡಿ ಅಮ್ಮ, ಈ ಸಲ ಯಾಕೋ ಕೈ ತಪ್ಪಿದೆ. ಮುಂದೆ ಉದ್ದ, ಹಿಂದೆ ಗಿಡ್ಡ. ಹಾಕಿದ್ರೆ ಸೊಟ್ಟ ಕಾಣುತ್ತೆ ನೋಡಿ."

"ನೀನು ಇಸ್ತ್ರಿ ಹಾಕಪ್ಪ," ಎಂದಳು ಅಜ್ಜಿ. "ನಾನು ಹೊಲಿದಿರೋದು ಹ್ಯಾಂಗರಿಗಲ್ಲ."