ಹಿಂದಿನ ಸೀಟು

ಇಂಜಿನ್ನಿನ ಬಿಸಿ ತೋರಿಸುವ ಸೂಜಿ ಕೆಂಪು ಗೆರೆಯ ಹತ್ತಿರ ಬಂದಿತ್ತು.

"ನಿಲ್ಸೋದು ಒಳ್ಳೇದೇನೋ," ಎಂದ ಪಕ್ಕದ ಸೀಟಿನಲ್ಲಿದ್ದ ಗೆಳೆಯ ಟರ್ಬೊ. "ಇಂಜಿನ್ ಸಿಕ್ಕಾಪಟ್ಟೆ ಕಾದಿದೆ. ಸ್ವಲ್ಪ ಹೊತ್ತು ಬಾನೆಟ್ ಎತ್ತಿ ಬಿಟ್ರೆ ಸರಿಹೋಗುತ್ತೆ."

ಕಾರು ಓಡಿಸುತ್ತಿದ್ದ ಪುಟ್ಟ, ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಕಾರು ಅವನದು, ಮೂವತ್ತು ದಾಟಿದರೂ ಮನೆಯವರ ಬಾಯಲ್ಲಿ ಅವನು ಪುಟ್ಟನೇ. ಹಿಂದೆ ಅವನ ಕಾರ್ ಕ್ಲಬ್ಬಿನವರ ಕಾರುಗಳು ತಿರುವಿನಿಂದ ತಿರುವಿಗೆ ಬೆನ್ನುಹತ್ತಿ ಬರುತ್ತಿದ್ದವು. ಬೆಟ್ಟದ ಬುಡದಿಂದ ಅವರನ್ನೆಲ್ಲ ಹಿಂದೆ ಹಾಕಿ, ಗೇರು ಇಳಿಸಿ ಇಳಿಸಿ, ಇಂಜಿನ್ನಿನ ಜೀವ ಹಿಂಡಿಕೊಂಡು ಬಂದಿದ್ದ. ಈಗ ದಾರಿಬದಿಯಲ್ಲಿ ಬಾನೆಟ್ ಎತ್ತಿ ನಿಂತರೆ ಇದ್ದ ಮಾನವೂ ಹೋಗುತ್ತದೆ.

"ಹೀಟರ್ ಹಾಕ್ತೀನಿ. ಇಂಜಿನ್ನಿನ ಬಿಸೀನ ಕಾರೊಳಗೆ ಎಳ್ಕೊಳ್ಳುತ್ತೆ. ಇನ್ನು ಸ್ವಲ್ಪ ದೂರ ಅಷ್ಟೆ."

ಎಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸಿದ. ಕುಲುಮೆಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ರಾಚಿತು.

"ಮುಖಕ್ಕೆ ಬೇಡಪ್ಪಾ, ಕೆಳಗೆ ಬಿಡು," ಎನ್ನುತ್ತ ಟರ್ಬೊ ತನ್ನ ಕಡೆಯ ಗಾಜು ಇಳಿಸಿದ.

ಪುಟ್ಟ ಹೀಟರಿನ ಗುಂಡಿ ತಿರುಗಿಸಿದ. ಮುಂದಿನ ಸೀಟುಗಳ ಅಡಿಯಿಂದ ಬಿಸಿ ಹಿಂದಕ್ಕೆ ಹರಿಯತೊಡಗಿತು. ಹಿಂದೆ ಕೂತಿದ್ದವಳು ಅವನ ಸೋದರತ್ತೆ, ಅಪ್ಪನ ಅಕ್ಕ. ಒಂದೇ ಒಂದು ಸಲ ನಿನ್ನ ಕಾರಲ್ಲಿ ಕೂರಿಸ್ಕೊಂಡು ಹೋಗೋ ಎಂದು ದುಂಬಾಲು ಬಿದ್ದಿದ್ದವಳನ್ನು, ಮುಂದಿನ ಸೀಟು ಗೆಳೆಯನಿಗೆ ಕೊಟ್ಟು, ಹಿಂದಿನ ಇಕ್ಕಟ್ಟಿನಲ್ಲಿ ತುರುಕಿದ್ದ. ಎರಡೇ ಬಾಗಿಲಿನ ಕಾರು. ಹಿಂದಿನ ಗಾಜುಗಳು ಇಳಿಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣನ್ನು ಸೂಜಿಯ ಮೇಲೇ ಇಟ್ಟ. ಸೂಜಿ ಕೂದಲೆಳೆಯಷ್ಟು ಇಳಿಯಿತು. ಹೊರಟಾಗಿನಿಂದ ವಟವಟ ಎನ್ನುತ್ತಿದ್ದ ಅತ್ತೆ ಸುಮ್ಮನಾದದ್ದು ಅವನ ಗಮನಕ್ಕೇ ಬರಲಿಲ್ಲ.

ಬೆಟ್ಟದ ನೆತ್ತಿ ಮುಟ್ಟಿದ್ದು ಅವನ ಕಾರೇ ಮೊದಲು. ಗೆಳೆಯರಿಬ್ಬರೂ ಗಾಜು ಏರಿಸಿ, ಇಳಿದು, ಬಾಗಿಲು ಹಾಕಿದರು. ಉಳಿದವರು ಬಂದು ಸುತ್ತುವರಿದರು.

"ಇಂಥ ಏರಲ್ಲೂ ಬಿಸಿ ಆಗ್ಲಿಲ್ವಾ?"

"ಚೂರೂ ಇಲ್ಲ. ದೊಡ್ಡ ರೇಡಿಯೇಟರ್ ಹಾಕ್ಸಿದೀನಲ್ಲ," ಎಂದು ಪುಟ್ಟ ಶುರುಮಾಡಿದ. ಟರ್ಬೊ ಬೇರೆ ಕಡೆ ತಿರುಗಿ ಕೆಮ್ಮಿದ.

ಆಗ ಗಾಜು ಬಡಿದ ಸದ್ದು ಕೇಳಿಸಿತು. ಒಳಗಿನಿಂದ.

ಮುಂದಿನ ಸೀಟು ಮಡಚದೆ ಹಿಂದಿನವರು ಇಳಿಯುವ ಹಾಗಿಲ್ಲ. ಪುಟ್ಟ ಓಡಿ ಬಾಗಿಲು ತೆಗೆದ. ಅತ್ತೆಯ ಮುಖ ಕೆಂಪೇರಿ ಊದಿಕೊಂಡಿತ್ತು. ಬಟ್ಟೆ ನೀರಿನಲ್ಲಿ ಅದ್ದಿ ತೆಗೆದಂತೆ ಮೈಗಂಟಿತ್ತು. ಇಬ್ಬರು ತೋಳು ಹಿಡಿದು ಇಳಿಸಿ, ಮೋಟು ಗೋಡೆಯ ಮೇಲೆ ಕೂರಿಸಿ ನೀರು ಕುಡಿಸಿದರು.

ಉಸಿರು ಹತೋಟಿಗೆ ಬಂದ ಮೇಲೆ ಅತ್ತೆ ಸುತ್ತ ನಿಂತವರನ್ನು ನೋಡಿ ನಕ್ಕಳು. "ಗಾಬರಿ ಆಗ್ಬೇಡಿ. ದಪ್ಪ ಮೈ ನೋಡಿ, ಎಲ್ಲಿ ಕೂತ್ರೂ ಸೆಕೆ." ಆಮೇಲೆ ದನಿ ತಗ್ಗಿಸಿದಳು. "ಪುಟ್ಟ, ನನ್ನ ಭಾರಕ್ಕೇ ಗಾಡಿ ಕಾದಿದ್ದು ಅಲ್ವೇನೋ? ವಾಪಸ್ಸು ನಾನು ಬಸ್ಸಲ್ಲಿ ಬರ್ತೀನಿ. ನಿನ್ನ ಕಾರು ಹಾಳಾಗೋದು ಬೇಡ."

ಪುಟ್ಟ ಅವಳೆದುರು ಕುಕ್ಕರಗಾಲಿನಲ್ಲಿ ಕೂತ. ಕ್ಲಬ್ಬಿನವರೆಲ್ಲ ಅಲ್ಲೇ ಇದ್ದರು.

"ಭಾರಕ್ಕಲ್ಲ ಅತ್ತೆ. ನಾನೇ ಹೀಟರ್ ಹಾಕಿದ್ದೆ, ಇಂಜಿನ್ ತಣ್ಣಗಾಗ್ಲಿ ಅಂತ. ಇವರ ಮುಂದೆ ನಿಲ್ಸೋಕೆ ನಾಚಿಕೆ ಆಯ್ತು."

ಅತ್ತೆ ನೀರಿನ ಬಾಟಲಿಯನ್ನು ಪಕ್ಕಕ್ಕಿಟ್ಟಳು.

"ಒಂದು ಮಾತು ಹೇಳಿದ್ರೆ ನಾನೇ ಇಳ್ಕೊಳ್ತಿದ್ದೆನಲ್ಲೋ," ಎಂದಳು.

ಅವನು ತಲೆ ತಗ್ಗಿಸಿದ. ಕಣ್ಣೆದುರಿಗೆ ಅವಳ ಪಾದಗಳಿದ್ದವು, ಬಿಸಿಗೆ ಬೆಂದು ಕೆಂಪಾಗಿ. ಅವನು ನೋಡುತ್ತಿರುವುದು ತಿಳಿದದ್ದೇ ಅತ್ತೆ ಅವನ್ನು ಮೆಲ್ಲಗೆ ಬಟ್ಟೆಯ ಅಂಚಿನೊಳಗೆ ಎಳೆದುಕೊಂಡಳು.