ಹಳದಿ ಜರ್ಸಿ

ಎಲ್ಲರಿಗೂ ಕೆಂಪು ಜರ್ಸಿ ಹಂಚಿದ ಕೋಚ್ ಗ್ರಿಮನೇಸಾ, ಸೊರಾಯ್ದಾಳ ಕೈಗೆ ಮಾತ್ರ ಹಳದಿಯದನ್ನು ಕೊಟ್ಟಳು. ಅದು ಲಿಬೆರೋ, ಅಂದರೆ ಹಿಂದೆ ನಿಂತು ಚೆಂಡು ಎತ್ತಿಕೊಡಲಷ್ಟೇ ಇರುವ ಆಟಗಾರ್ತಿ, ತೊಡುವ ಬಣ್ಣ. ಪೆರುವಿನ ಲೀಮಾ ನಗರದ ಗುಡ್ಡದ ಕೇರಿಯೊಂದರ ವಾಲಿಬಾಲ್ ತಂಡಕ್ಕೆ ಒಂಬತ್ತು ವರ್ಷದಿಂದ ನೆಟ್‌ನ ಎಡಮೂಲೆಯಲ್ಲಿ ಹಾರಿ ಸ್ಮ್ಯಾಶ್ ಹೊಡೆಯುತ್ತಿದ್ದವಳು ಸೊರಾಯ್ದಾ. ಇವತ್ತು ಫೈನಲ್.

"ನೀನು ಹಿಂದಿನ ಸಾಲಲ್ಲಿ ನಿಂತು ಬಾಲ್ ಎತ್ತಿಕೊಟ್ರೆ ಸಾಕು. ನೆಟ್ ಮೇಲಿಂದ ಹೊಡೆಯೋ ಹಾಗಿಲ್ಲ, ಸರ್ವೀಸೂ ಇಲ್ಲ. ಆ ಭುಜ ಇಟ್ಕೊಂಡು ಏನ್ ಹೊಡೀತೀಯಾ?" ಎಂದಳು ಕೋಚ್.

ಭುಜದ ನೋವನ್ನು ಸೊರಾಯ್ದಾ ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬಳಿಗೇ, ತನ್ನ ಮಗನ ದೀಕ್ಷಾಸ್ನಾನದಲ್ಲಿ ಧರ್ಮಮಾತೆಯಾಗಿ ನಿಂತಿದ್ದ, ಹೊಡೆಯುವವರಿಗೆ ಚೆಂಡು ಏರಿಸಿಕೊಡುವ ತಂಡದ ಸೆಟ್ಟರ್ ಡೆಲ್ಮೀರಾಳಿಗೆ. ಡೆಲ್ಮೀರಾ ಬೆಂಚಿನ ಮೇಲೆ ಕೂತು, ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಅವಳ ತಂಗಿ, ಎಡಮೂಲೆಯ ಜಾಗ ಸಿಕ್ಕ ಖುಷಿಯಲ್ಲಿ, ಜಡೆ ಬಿಗಿದುಕೊಳ್ಳುತ್ತಿದ್ದಳು.

"ನಿನ್ನ ಒಳ್ಳೇದಕ್ಕೇ ಕೋಚ್‌ಗೆ ಹೇಳಿದ್ದು, ಕೊಮಾದ್ರೆ," ಎಂದು ಆ ಧರ್ಮಮಾತೆಯ ನಂಟಿನ ಹೆಸರಲ್ಲೇ ಕರೆದಳು ಡೆಲ್ಮೀರಾ, ತಲೆ ಎತ್ತದೆ.

"ನನ್ನ ಒಳ್ಳೇದಕ್ಕೇ ಆಗಿದ್ರೆ ಮುಖ ನೋಡಿ ಹೇಳು."

ಡೆಲ್ಮೀರಾ ಇನ್ನೊಂದು ಕಾಲಿನ ಲೇಸಿಗೆ ಕೈ ಹಾಕಿದಳು.

ಎದುರಾಳಿಗಳ ಮೊದಲ ಸರ್ವೀಸ್ ಸೊರಾಯ್ದಾಳ ಮೇಲೇ ಬಂತು. ಚೆಂಡನ್ನು ಬೇರೆಲ್ಲಾದರೂ ಅಟ್ಟಿಬಿಡಬೇಕೆಂದು ಒಂದು ಕ್ಷಣ ಅನ್ನಿಸಿದರೂ, ಅವಳ ಮುಂಗೈಗಳು ಅದನ್ನು ನೇರವಾಗಿ ಡೆಲ್ಮೀರಾಳ ಬೆರಳ ತುದಿಗೇ ಕಳಿಸಿದವು. ಡೆಲ್ಮೀರಾ ಎಂದಿನಂತೆ ಎಡಮೂಲೆಗೆ, ಎಂದಿನಷ್ಟೇ ಎತ್ತರಕ್ಕೆ ಚೆಂಡನ್ನು ಏರಿಸಿದಳು. ಸೊರಾಯ್ದಾಳ ಕಾಲುಗಳು ತಾವಾಗಿಯೇ ಮೂರು ಹೆಜ್ಜೆ ಓಡಿದವು. ಅಷ್ಟರಲ್ಲಿ ಆ ತಂಗಿ ಅವಳ ಕಣ್ಣೆದುರೇ ನೆಗೆದಳು. ಸೊರಾಯ್ದಾ ನಿಂತಳು. ಚೆಂಡು ಎದುರಾಳಿಗಳ ಕೈಗೆ ಬಡಿದು ಇತ್ತಲೇ ಹಿಂದೆ ಬಿದ್ದರೆ ಎತ್ತಲೆಂದು, ಆ ಹುಡುಗಿಯ ಬೆನ್ನ ಹಿಂದೆ ಮೊಣಕಾಲು ಬಗ್ಗಿಸಿದಳು.